ಮಂಜನ ಪಿಕಪ್ಪಿಗೆ ಹೊಸ ಬಂಪರ್

ಮಗಾ ಮಂಜಾ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇದು, ಓದಲು ಕಷ್ಟವಾದರೆ ಮುಖ ಸಿಂಡರಿಸಬೇಡ. ನಿನ್ನ ಮಗಳು ಪಕ್ಕದಲ್ಲಿ ಕೂತು "ಅಜ್ಜೀ, ಯಾರಿಗ್ ಬರೂದ್?" ಅಂತ ಕೇಳುತ್ತಿದ್ದಾಳೆ. ಏನಂತ ಹೇಳಲಿ? ನಿನ್ನ ಪಿಕಪ್ಪಿನ ಹಿಂದಿನ ಬಂಪರ್ ಬದಲಾಯಿಸಿದೆವು. ಅದನ್ನು ಸೊಟ್ಟ ಮಾಡಿದವಳು ನಾನು. ಸೀನ ಅಲ್ಲ.

ನನ್ನನ್ನು ಬೈಂದೂರಿಗೆ, ತಂಗಿಯ ಮನೆಗೆ ಬಿಡಲು ಹೊರಟ ದಿನ ನೆನಪಿದೆಯಾ? ಹೊಳೆ ದಾಟಿಸುವ ಜಂಗಲ್, ಆ ಜೋಡು ದೋಣಿಯ ತೆಪ್ಪ, ಆಚೆ ದಡದಲ್ಲಿತ್ತು. ಅದಕ್ಕೆ ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸಬೇಕಲ್ಲ, ಹಾಗಾಗಿ ನೀನು ಇಳಿಜಾರಿನಲ್ಲಿ ಬೆನ್ನು ಹೊಳೆಯ ಕಡೆ ಮಾಡಿ ನಿಲ್ಲಿಸಿದೆ. ಬ್ರೇಕು ನಂಬುವಂಥದ್ದಲ್ಲ. ಸೀನ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಚಡ್ಡಿ ಹಾಕುವ ಕಾಲದಿಂದ ನಿನ್ನ ಬೆನ್ನಿಗಂಟಿದ ಗೆಳೆಯ, ಗಾಡಿಯಲ್ಲೂ ಜೊತೆಗೆ ದುಡಿಯುವವನು. ಇಬ್ಬರೂ ಚಾ ಕುಡಿಯಲು ಹೋದಿರಿ.

ನಾನು ಇಳಿದು ನೋಡಿದರೆ ಆ ಕಲ್ಲಿನ ಮೇಲೆ ಕುಂಕುಮ! ಯಾವ ದೇವರ ಕಲ್ಲೋ, ಯಾರು ಅಲ್ಲಿ ತಂದು ಹಾಕಿದ್ದೋ. ಅದರ ಮೇಲೆ ಚಕ್ರ ಒರಗಿಸುವುದೇ? ಎಳೆದೆ, ಭಾರ ಇನ್ನೂ ಬ್ರೇಕಿನ ಮೇಲೇ ಇತ್ತೋ ಏನೋ, ಸಲೀಸಾಗಿ ಬಂತು. ಅಶ್ವತ್ಥದ ಬುಡದಲ್ಲಿಟ್ಟು ಕೈ ಮುಗಿಯುತ್ತಿದ್ದೆ. ಹಿಂದಿನಿಂದ ಧಡಾರ್ ಎಂದು ಸದ್ದು. ಗಾಡಿ ಜಾರಿ ಹೋಗಿ ದಡದ ಕೆಂಪು ಕಲ್ಲಿನ ಗೋಡೆಗೆ ಬಡಿದಿತ್ತು.

ನೀನು ಅವನ ಅಂಗಿ ಹಿಡಿದು ಕೂಗಿದ್ದು ಈಗಲೂ ಕಿವಿಯಲ್ಲಿದೆ.

"ಕಲ್ಲ್ ಇಟ್ಟಿದ್ಯಾ ಇಲ್ಯಾ?"

"ಇಟ್ಟಿದ್ದೆ ಮಾರಾಯಾ!"

"ಹಂಗಾರೆ ಎಲ್ಲಿತ್ತ್? ರೆಕ್ಕಿ ಬಂದ್ ಹಾರಿ ಹೋಯ್ತಾ?"

ಚಾದಂಗಡಿಯ ಮುಂದಿದ್ದ ಹತ್ತು ಜನ ನಕ್ಕರು. ಅಷ್ಟು ಜನರ ಎದುರು ನೀನು ಅವನನ್ನು ಸುಳ್ಳ ಎಂದೆ, ಇನ್ನು ಗಾಡಿ ಮುಟ್ಟಬೇಡ ಎಂದೆ. ನಾನು ಬಾಯಿ ಸತ್ತವಳೇ? ಊರಿಡೀ ಬೈಯುವ ನನ್ನ ನಾಲಗೆ ಅವತ್ತೇ ಬಿದ್ದುಹೋಗಬೇಕಿತ್ತಾ? ಮನೆಗೆ ಹೋಗಿ ಹೇಳುವ ಅಂದುಕೊಂಡೆ. ಆಮೇಲೆ ನಾಳೆ ಅಂದುಕೊಂಡೆ. ಆಮೇಲೆ...

ನೀನು ಕಾಮಾಲೆಯಾಗಿ ಮಲಗಿದ್ದಾಗ ಒಮ್ಮೆ "ಸೀನ ಬಂದ್ನಾ?" ಅಂತ ಕೇಳಿದೆ. ಗಂಜಿ ಬಟ್ಟಲು ನನ್ನ ಕೈಯಲ್ಲೇ ಇತ್ತು. "ಇಲ್ಲ, ಗಂಜಿ ಕುಡಿ" ಎಂದೆ. ಆಗಲಾದರೂ... ಆ ವಾರವೇ ನೀನು ಹೋಗಿಬಿಟ್ಟೆ.

ಈಗ ಶಂಕರನಾರಾಯಣ ಊರಿನ ಕಡೆಯವರೊಬ್ಬರು ಗಾಡಿಯನ್ನು ಕೊಳ್ಳಲು ಕೇಳಿದ್ದಾರೆ, ಬಂಪರ್ ಸರಿ ಮಾಡಿ ಕೊಡಿ ಅಂತ. ನಿನ್ನ ಹೆಂಡತಿ ಗುಲಾಬಿ ತೆಕ್ಕಟ್ಟೆಯ ಗ್ಯಾರೇಜಿಗೆ ಹೇಳಿಕಳಿಸಿದಳು. ಬಂದವನು ಯಾರು? ಅದೇ ಸೀನ. ತಲೆ ಅರ್ಧ ಹಣ್ಣಾಗಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಉಳಿ ಇಟ್ಟು ಹೊಡೆದು ಹಳೆಯದನ್ನು ಬಿಚ್ಚಿದ. ಹೊಸದನ್ನು ಎತ್ತಿ ಹಿಡಿದು, "ಅಬ್ಬೀ, ಆ ಬದಿ ಹಿಡ್ಕಂಬುಕೆ ಒಬ್ರ್ ಬೇಕ್, ಗುಲಾಬಿನ ಕರೀನಿ" ಎಂದ.

"ನಾನೆಂತ ಸತ್ತಿದ್ನಾ?" ಎಂದು ನಾನೇ ಹಿಡಿದೆ. ಕಬ್ಬಿಣ ಬಲು ಭಾರ ಮಗಾ. ಆ ತುದಿ ಅವನು, ಈ ತುದಿ ನಾನು. ಅವನು ನಟ್ಟು ತಿರುಗಿಸುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ, ಕಲ್ಲು, ಕುಂಕುಮ, ಮರದ ಬುಡ.

ಸ್ಪಾನರ್ ನಿಂತಿತು.

"ಮಂಜಂಗೆ ಹೇಳಿದ್ರ್ಯಾ?"

"ಇಲ್ಲ."

"ಮತ್ತೆ ನಂಗ್ ಎಂತಕ್ಕೆ ಹೇಳ್ತ್ರಿ? ನಂಗೆ ಗೊತ್ತಿತ್ತಲೆ, ನಾನ್ ಇಟ್ಟಿದ್ದೆ ಅಂದೇಳಿ."

ಉಳಿದ ನಟ್ಟುಗಳನ್ನೂ ಬಿಗಿ ಮಾಡಿಯೇ ಹೋದ. ಬೆಲ್ಲ ನೀರು ಕೊಟ್ಟಿದ್ದೆ, ಮುಟ್ಟಲಿಲ್ಲ. ಒಂದು ಕೆಟ್ಟ ಮಾತಾದರೂ ಆಡಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ.

ಅವನಿಗೆ ಸುಳ್ಳ ಎಂಬ ಹೆಸರು ಬಂದ ಜಾಗದಲ್ಲೇ, ಆ ಜನರ ಎದುರೇ ಹೇಳಬೇಕು ಅಂತ ಮಾರನೆ ಬೆಳಿಗ್ಗೆ ಜಂಗಲ್ ಹತ್ತುವ ಕಡವಿಗೆ ಹೋದೆ. ಸೇತುವೆ ಆಗಿದೆ ಮಗಾ, ನಿನಗೆ ಗೊತ್ತಿಲ್ಲ. ಜಂಗಲಿನ ಓಡಾಟ ನಿಂತಿದೆ, ಚಾದಂಗಡಿ ಮುಚ್ಚಿ ಹಲಗೆಗೆ ಗೆದ್ದಲು ಹತ್ತಿದೆ. ಬಸ್ಸುಗಳೆಲ್ಲ ಮೇಲಿನಿಂದಲೇ ದಾಟುತ್ತವೆ. ಬಿಸಿಲೇರುವವರೆಗೆ ನಿಂತಿದ್ದೆ. ಕೆಳಗೆ ಇಳಿದು ಬರುವವರು ಯಾರೂ ಇಲ್ಲ.