ಬೀರುವಿನ ಹಿಂದಿನ ಗೋಡೆ

ಅತ್ತೆ,

ಇವತ್ತು ಮನೆಯ ತೇವ ಪರೀಕ್ಷಿಸುವವನು ಬಂದಿದ್ದ. ಅಂಗೈಯಗಲದ ಯಂತ್ರವೊಂದನ್ನು ಗೋಡೆಗೆ ಒತ್ತಿ, ಕೋಣೆ ಕೋಣೆಗೂ ಮೇಷ್ಟ್ರ ಹಾಗೆ ಅಂಕ ಕೊಡುತ್ತಾ ಹೋದ. ಅಡುಗೆಮನೆ ಪಾಸಾಯಿತು. ಬಚ್ಚಲೂ ಹೇಗೋ ಪಾಸಾಯಿತು. ನಿಮ್ಮ ಕೋಣೆಯಲ್ಲಿ ಮಂಚದ ಪಕ್ಕದ ಬೀರುವನ್ನು ಮುಂದಕ್ಕೆ ಎಳೆಸಿದ. ಹಿಂದೆ ಗೋಡೆಯ ತುಂಬ ಕಪ್ಪು ಬೂಷ್ಟು.

"ಗೋಡೆಗೆ ಅಂಟಿಸಿ ಇಟ್ಟಿದ್ದೀರಲ್ಲಮ್ಮ! ಒಂದು ಗೇಣಾದ್ರೂ ಜಾಗ ಬಿಡ್ಬೇಕಿತ್ತು."

ನೀವಿದ್ದಾಗ ಹಟ ಹಿಡಿದು ಆ ಗೇಣು ಬಿಡಿಸುತ್ತಿದ್ದಿರಿ. ಓಡಾಡಲು ಜಾಗ ಸಾಲದೆಂದು ನಾನು ಮತ್ತೆ ತಳ್ಳುತ್ತಿದ್ದೆ. ವಾಸನೆ ಬರುತ್ತಿದೆ ಎಂದು ನೀವು ಹೇಳಿದರೆ ನಿಮ್ಮ ಮೂಗಿನದೇ ತಕರಾರು ಎನ್ನುತ್ತಿದ್ದೆ. ನಿಮ್ಮ ಕೆಮ್ಮಿಗೆ ಮಾತ್ರ ಹೊತ್ತು ಹೊತ್ತಿಗೆ ಔಷಧಿ ಕೊಡುತ್ತಿದ್ದೆ.

"ಇಲ್ಲಿ ಯಾರು ಮಲಗ್ತಾರೆ?" ಎಂದು ಕೇಳಿದ.

"ಈಗ ಯಾರೂ ಇಲ್ಲ."

"ಹಾಗಾದ್ರೆ ಅಪಾಯ ಕಡಿಮೆ ಅಂತ ಬರ್ಕೋತೀನಿ."

ಬರೆದುಕೊಂಡ. ಕೆಳಗೆ ನಾನು ಸಹಿ ಹಾಕಿದೆ.