ಸೆಂಡ್ ಪದಕ್ಕೊಂದು ಉದಾಹರಣೆ

ಅಮ್ಮ,

ಮಕ್ಕಳ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಇವತ್ತು ನನ್ನ ಪಾಲಿಗೆ ಬಂದದ್ದು 'ಸೆಂಡ್'. ತಾನು ಹೋಗದೆ ಇನ್ನೊಬ್ಬರನ್ನೋ ವಸ್ತುವನ್ನೋ ಹೋಗುವಂತೆ ಮಾಡುವುದು ಎಂದು ಅರ್ಥ ಬರೆದೆ. ನಮ್ಮ ಕಚೇರಿಯಲ್ಲಿ ಅರ್ಥ ಬರೆದವರೇ ಮನೆಮಾತಿನ ಒಂದು ಉದಾಹರಣೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಪ್ಪಿಗೆಯಾದರೆ ಅದು ಅಚ್ಚಿಗೆ ಹೋಗುತ್ತದೆ.

"ಅವನು ಪ್ರತಿ ಚಳಿಗಾಲದಲ್ಲೂ ಅಮ್ಮನಿಗೆ ಸ್ವೆಟರ್ ಕಳಿಸುತ್ತಾನೆ" ಎಂದೆ.

ಟೈಪ್ ಮಾಡುವಾಕೆ ಕೈ ನಿಲ್ಲಿಸಿದಳು. "ನಿಮ್ಮಮ್ಮ ಪುಣ್ಯ ಮಾಡಿದಾರೆ ಬಿಡಿ ಸಾರ್. ನಮ್ಮನೇಲೂ ಒಬ್ಬ ಮಗರಾಯ ಇದ್ದಾನೆ, ಕೂತಲ್ಲಿಗೇ ನೀರು ಬರ್ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಈ ಸಲದ್ದು ಕಳಿಸಾಯ್ತಾ?" ಸಂಪಾದಕರು ಕೇಳಿದರು.

"ಆಯ್ತು ಸಾರ್."

ಅವರು ತಲೆಯಾಡಿಸಿ, ವಾಕ್ಯ ಚೆನ್ನಾಗಿದೆ, ಮಕ್ಕಳಿಗೆ ಒಳ್ಳೆಯ ಗುಣವನ್ನೂ ಕಲಿಸುತ್ತದೆ ಎಂದರು.

ನೀನು ಹೋಗಿ ಮೂರು ತಿಂಗಳಾಯಿತೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಿದರೆ, ಮಣ್ಣಿಗೆ ಯಾವಾಗ ಹೋಗಿದ್ರಿ, ರಜಾನೇ ಹಾಕಿರಲಿಲ್ಲವಲ್ಲ ಎಂದು ಕೇಳುತ್ತಾರೆ. ಆ ದಿನ ತಮ್ಮನ ವಿಳಾಸಕ್ಕೆ ಒಂದು ಹಾರ ಕಳಿಸಿ, ಇದೇ ಮೇಜಿನ ಮುಂದೆ ಕೂತು ನಾನು ಕರಡು ತಿದ್ದುತ್ತಿದ್ದೆ.