ಪಿಸ್ತೂಲಿನ ಚೀಟಿ ಎತ್ತಿದ ಕೈಗೆ

ನ್ಯಾಯಾಂಗ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳನ್ನು ಕೊಂದ ಪಿಸ್ತೂಲನ್ನು ತಯಾರಿಸಿದವರನ್ನು ಕೋರ್ಟಿಗೆ ಕರೆದು ಒಂದೇ ಒಂದು ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ ಎಂದು ನಿಮ್ಮ ಸಂಸತ್ತಿನ ಕಾನೂನು ಹೇಳುತ್ತದೆ. ಆ ಕಾನೂನನ್ನು ರದ್ದುಮಾಡುವ ಮಸೂದೆ ಹದಿನಾಲ್ಕು ತಿಂಗಳಿಂದ ನಿಮ್ಮ ಸಮಿತಿಯಲ್ಲಿ ಬಿದ್ದುಕೊಂಡಿದೆ. ನೀವು ಅದನ್ನು ವಿಚಾರಣೆಗೂ ಎತ್ತಿಕೊಂಡಿಲ್ಲ, ಬೇಡವೆಂದು ತಳ್ಳಿಯೂ ಹಾಕಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಮ್ಮ ಕಚೇರಿಗೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ ಬಂತು: ನನ್ನ ಅಭಿಪ್ರಾಯವನ್ನು ತಾವು ಗೌರವಿಸುತ್ತೀರಂತೆ. ನನ್ನ ಮಗಳು ಸತ್ತದ್ದು ಅಭಿಪ್ರಾಯವಲ್ಲ ಸ್ವಾಮಿ. ಅದಕ್ಕೇ ಐದನೆಯದನ್ನು ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ, ಎಲ್ಲರ ಕಣ್ಣೆದುರು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಂದೂಕು ಕಂಡರೆ ಮೂರ್ಛೆ ಹೋಗುವ ಪಟ್ಟಣದ ಹೆಂಗಸಲ್ಲ. ಪೆನ್ಸಿಲ್ವೇನಿಯಾದ ಈ ಬೆಟ್ಟಗಳಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಮೊದಲ ಜಿಂಕೆ ಹೊಡೆದವಳು. ಈಗಲೂ ನನ್ನ ಫ್ರೀಜರಿನಲ್ಲಿ ಜಿಂಕೆ ಮಾಂಸವಿದೆ. ನಿಮಗೂ ಬಡಿಸಿದ್ದೇನೆ. ನೆನಪಿದೆಯೇ?

ಬೇಟೆ ಶುರುವಾಗುವ ಮುಂಚಿನ ಶನಿವಾರ, ನಮ್ಮೂರು ಟ್ಯಾನರ್ಸ್ ರನ್‌ನ ಅಗ್ನಿಶಾಮಕ ಠಾಣೆಯಲ್ಲಿ ಪ್ರತಿವರ್ಷ ನಡೆಯುವ ಬಂದೂಕುಗಳನ್ನೇ ಬಹುಮಾನವಾಗಿ ಕೊಡುವ ಲಾಟರಿಗೆ ನಮ್ಮ ಕ್ಷೇತ್ರದ ಸಂಸದರಾದ ನೀವು ಬರುತ್ತೀರಿ. ನಮ್ಮ ಠಾಣೆಯಲ್ಲಿ ಸಂಬಳದವರು ಯಾರೂ ಇಲ್ಲ, ಊರವರೇ ಬೆಂಕಿ ಆರಿಸಬೇಕು. ನೀರಿನ ಕೊಳವೆಗೂ ಆಂಬುಲೆನ್ಸಿಗೂ ಈ ಲಾಟರಿಯೇ ಆಧಾರ. ನಾವು ಹೆಂಗಸರು ಸೇಬಿನ ಪೈ ಬೇಯಿಸುತ್ತೇವೆ, ಚೀಟಿ ಮಾರುತ್ತೇವೆ. ಅತಿಥಿಯಾಗಿ ಬಂದ ನೀವು ಡಬ್ಬಿಗೆ ಕೈಹಾಕಿ ಚೀಟಿ ಎತ್ತುತ್ತೀರಿ. ಮೂರು ವರ್ಷದ ಹಿಂದೆ ಪಿಸ್ತೂಲಿನ ಸರದಿ ಬಂದಾಗ ನೀವು ಎತ್ತಿದ ಚೀಟಿಯಲ್ಲಿ ನನ್ನ ಅಳಿಯ ಟ್ರೆಂಟ್‌ನ ಹೆಸರಿತ್ತು.

"ಎಲ್ಲಪ್ಪಾ ಟ್ರೆಂಟ್? ಬಾ ಬಾ! ಇನ್ಮೇಲೆ ನಿನ್ ಹೆಂಡ್ತಿ ನೀನು ಹೇಳ್ದಂಗೆ ಕೇಳ್ತಾಳೆ ಬಿಡು!" ಎಂದಿರಿ ಮೈಕಿನಲ್ಲಿ.

ನನ್ನ ಮಗಳು ಕೊರಿನ್ ಹಿಂದಿನ ಬೆಂಚಿನಿಂದಲೇ ಕೂಗಿದಳು: "ಅದಕ್ಕೆ ಪಿಸ್ತೂಲು ಸಾಲಲ್ಲ ಸಾರ್, ಫಿರಂಗಿ ತಂದುಕೊಡಿ!"

ಇಡೀ ಠಾಣೆ ಬಿದ್ದು ಬಿದ್ದು ನಕ್ಕಿತು. ನೀವೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಅವಳೇ ಈಗ ಇಲ್ಲದಿರುವವಳು.

ಮರುವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ, ಚರ್ಚಿನಿಂದ ಬಂದ ಮೇಲೆ, ಟ್ರೆಂಟ್ ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು ಹಾಸಿ ಪಿಸ್ತೂಲು ಒರೆಸಲು ಕೂತ. ಕೊರಿನ್ ಒಲೆಯ ಹತ್ತಿರ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವನು ಮ್ಯಾಗಜಿನ್, ಅಂದರೆ ಗುಂಡು ತುಂಬುವ ಪೆಟ್ಟಿಗೆ, ಹೊರಗೆಳೆದು ಪಕ್ಕಕ್ಕಿಟ್ಟ. ಆ ಪಿಸ್ತೂಲನ್ನು ಬಿಚ್ಚಿ ಒರೆಸಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಇದು ಅವನ ಹುಚ್ಚಾಟವಲ್ಲ, ಕಂಪನಿಯೇ ಕೈಪಿಡಿಯಲ್ಲಿ ಬರೆದ ವಿಧಾನ. ಒತ್ತಿದ. ಪೆಟ್ಟಿಗೆ ಹೊರಗಿದ್ದರೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿತ್ತು. ಪಕ್ಕದ ಮನೆಯಿಂದ ನಾನು ಓಡಿಹೋದಾಗ ನಲ್ಲಿ ಇನ್ನೂ ಸುರಿಯುತ್ತಿತ್ತು, ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಪೆಟ್ಟಿಗೆ ತೆಗೆದಿದ್ದೆ ಕಣೇ, ತೆಗೆದಿದ್ದೆ ಕಣೇ" ಎನ್ನುತ್ತಿದ್ದ. ಲಾಟರಿ ದುಡ್ಡಿನ ಆಂಬುಲೆನ್ಸೇ ಬಂತು. ಪ್ರಯೋಜನವಾಗಲಿಲ್ಲ. ನನ್ನ ಮಗಳಿಗೆ ಇಪ್ಪತ್ತೊಂಬತ್ತು ವರ್ಷ.

ಕೈಪಿಡಿಯ ಹತ್ತೊಂಬತ್ತನೇ ಪುಟದಲ್ಲಿ, ಒಳಗೆ ಗುಂಡಿದೆಯೇ ಎಂದು ನೋಡಿ ಎಂದು ಬರೆದಿದೆ. ಅವನು ನೋಡಬೇಕಿತ್ತು. ನೋಡಲಿಲ್ಲ. ಪೆಟ್ಟಿಗೆ ತೆಗೆದರೆ ಬಂದೂಕು ಖಾಲಿ ಎಂಬ ಭ್ರಮೆ ನಮ್ಮ ಊರುಗಳಲ್ಲಿ ಎಷ್ಟು ಮನೆ ಹಾಳುಮಾಡಿದೆ ಎಂದು ನನಗೂ ಗೊತ್ತು. ಕಂಪನಿಗೂ ಗೊತ್ತು. ಪೆಟ್ಟಿಗೆ ತೆಗೆದೊಡನೆ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಉಗುರಿನಷ್ಟು ಉಕ್ಕಿನ ತುಂಡೊಂದಿದೆ. ಉಪಾಯ ನಮ್ಮ ಅಜ್ಜಂದಿರ ಕಾಲದ್ದು. ಕೆಲವು ಪೊಲೀಸ್ ಇಲಾಖೆಗಳು ಕೇಳಿದರೆ ಅದೇ ಕಂಪನಿ ಅದೇ ಪಿಸ್ತೂಲಿಗೆ ಅದನ್ನು ಹಾಕಿಕೊಡುತ್ತದೆ. ನಮಗೇಕೆ ಹಾಕಲಿಲ್ಲ? ಇದೇ ನನ್ನ ಪ್ರಶ್ನೆ. ಇಷ್ಟೇ. ಉತ್ತರ ಸರಿಯಿದ್ದರೆ ಕೇಳಿಕೊಂಡು ಮನೆಗೆ ಬರುತ್ತಿದ್ದೆ.

ಪ್ರಶ್ನೆಯ ಬೆಲೆ ನನಗೆ ಗೊತ್ತು, ಯಾಕೆಂದರೆ ಮೂವತ್ತೊಂದು ವರ್ಷ ನಾನು ಏಣಿ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ನಿಂತವಳು. ಒಬ್ಬ ಬಣ್ಣ ಬಳಿಯುವವನು ನಮ್ಮ ಏಣಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಒದ್ದೆ ನೆಲದ ಮೇಲೆ ಏಣಿ ಇಟ್ಟಿದ್ದ, ತಪ್ಪು ಅವನದೂ ಇತ್ತು. ಆದರೂ ದಾವೆ ಹೂಡಿದ. ಮಾಲೀಕರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದರು. ಬೈದು ಮುಗಿಸಿ, ಮರುವರ್ಷದಿಂದ ಪ್ರತಿ ಏಣಿಯ ಕಾಲಿಗೂ ರಬ್ಬರು ಹಾಕಿಸಿದರು. ಅದನ್ನು ಎಳೆದು ನೋಡಿ ಪಾಸು ಮಾಡುವ ಕೆಲಸ ನನ್ನದೇ ಆಗಿತ್ತು. ಏಣಿಗೆ ಕೋರ್ಟಿನ ಭಯವಿದೆ, ಟೋಸ್ಟರಿಗಿದೆ, ತೊಟ್ಟಿಲಿಗಿದೆ. ಕೊಲ್ಲಲೆಂದೇ ಮಾಡಿದ ವಸ್ತುವಿಗೆ ಮಾತ್ರ ಇಂಥ ಕೋಟೆ ಕಟ್ಟಿ ಬಾಗಿಲಲ್ಲಿ ನೀವೇ ಕಾವಲಿಗೆ ನಿಂತಿದ್ದೀರಿ. ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ ಅಲ್ಲವೇ?

"ದೋಷವಿದ್ದರೆ ದಾವೆ ಹೂಡಬಹುದು, ಕಾನೂನಿನಲ್ಲಿ ಅದಕ್ಕೆ ದಾರಿಯಿದೆ" ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಬಹಳ ನಯವಾಗಿ ಹೇಳಿದರು. ದಾರಿಯಿದೆ, ನಿಜ. ಅದರ ಕೊನೆಯಲ್ಲಿ ಗೋಡೆಯೂ ಇದೆ, ಅದನ್ನು ಅವರು ಹೇಳಲಿಲ್ಲ. ಟ್ರಿಗರ್ ಒತ್ತಿದವನು ಬೇಕೆಂದೇ ಒತ್ತಿದ್ದು, ಹಾಗೆ ಒತ್ತಿದ್ದು ಅಪರಾಧವೂ ಆಗಿದ್ದರೆ, ಆದ ಅನಾಹುತಕ್ಕೆ ಅವನೊಬ್ಬನೇ ಕಾರಣ. ಇದು ನಿಮ್ಮ ಕಾನೂನಿನ ಮಾತು. ನಾವು ಆ ಗೋಡೆಯನ್ನು ನಮ್ಮ ಕೈಯಾರೆ ಕಟ್ಟಿಕೊಂಡೆವು.

ಅದು ಆದದ್ದು ಹೀಗೆ. ಸರ್ಕಾರಿ ವಕೀಲರು ಸಣ್ಣ ಆರೋಪವೊಂದನ್ನು ಒಪ್ಪಿಕೊಂಡರೆ ಜೈಲಿಲ್ಲ ಎಂದರು. ನಮ್ಮ ಊರಿನಲ್ಲಿ ಬೇಲಿ ಮುರಿದವನು ತಾನೇ ಹೋಗಿ ಬಾಗಿಲು ತಟ್ಟಿ ಹೇಳುತ್ತಾನೆ, ಅದೇ ಮರ್ಯಾದೆ. ಟ್ರೆಂಟ್ ನನ್ನೆದುರು ತಲೆತಗ್ಗಿಸಿ ಕೂತು ಕೇಳಿದ: "ನಾನು ಮಾಡಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ ಅತ್ತೆ?"

"ಒಪ್ಕೊಂಡ್ಬಿಡಪ್ಪಾ," ಎಂದೆ ನಾನು. "ಇದ್ದಿದ್ದು ಇದ್ದಂಗೆ ಹೇಳ್ಬಿಡು. ಮುಗಿದುಹೋಗ್ಲಿ."

ಒಪ್ಪಿಕೊಂಡ. ಆಮೇಲೆ ನಾವು ಕಂಪನಿಯ ಮೇಲೆ ದಾವೆ ಹೂಡಿದಾಗ, ಅವರ ವಕೀಲರು ಎದ್ದುನಿಂತು ಅದೇ ಒಪ್ಪಿಗೆಯ ಕಾಗದವನ್ನು ಮುಂದಿಟ್ಟರು. ನೋಡಿ, ಅಪರಾಧಿ ತಾನೇ ಹೇಳಿದ್ದಾನೆ! ಬಿಚ್ಚಲು ಒತ್ತಿದ್ದನ್ನೇ ಬೇಕೆಂದು ಒತ್ತಿದ್ದು ಎಂದರು. ದಾವೆ ವಜಾ ಆಯಿತು. ಪಿಸ್ತೂಲು ಯಾಕೆ ಹಾಗಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅವನು ಸುಳ್ಳು ಹೇಳಿ ಹೋರಾಡಿದ್ದರೆ ಬಹುಶಃ ನಮ್ಮ ಮೊಕದ್ದಮೆ ಬದುಕುತ್ತಿತ್ತು. ಇದ್ದದ್ದು ಇದ್ದಂತೆ ಹೇಳಿದವನಿಗೆ ಶಿಕ್ಷೆ, ಬಾಯಿ ಬಿಡದವರಿಗೆ ರಕ್ಷಣೆ. ಇಂಥ ಕಾನೂನು ಮಾಡಿ ನೀವು ರಾತ್ರಿ ಹೇಗೆ ನಿದ್ದೆ ಮಾಡುತ್ತೀರೋ, ನನಗಂತೂ ತಿಳಿಯದು.

ನಿಮ್ಮ ಕಾನೂನಿನ ಆ ಒಂದು ಸಾಲು ಈಗ ಟ್ರೆಂಟ್‌ನ ಪರ್ಸಿನಲ್ಲಿದೆ. ತೀರ್ಪಿನ ಪುಟವನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಾನೆ. ನನ್ನ ಮನೆಗೆ ಊಟಕ್ಕೆ ಬರುವುದಿಲ್ಲ. ನಾನೇ ಪಾತ್ರೆ ಹಿಡಿದುಕೊಂಡು ಹೋದರೆ ಬಾಗಿಲಲ್ಲೇ ಇಸಿದುಕೊಳ್ಳುತ್ತಾನೆ. ಹೋದ ತಿಂಗಳು ತಡೆಯಲಾರದೆ ಜಗಳ ತೆಗೆದೆ.

"ಎಷ್ಟು ದಿನ ಹಿಂಗೆ ಸಾಯ್ತೀಯೋ? ತಪ್ಪು ನಿನ್ನೊಬ್ಬಂದೇ ಅಂತ ಯಾರು ಹೇಳಿದ್ದು?"

ಅವನು ಪರ್ಸು ತೆಗೆದು ಆ ಕಾಗದ ತೋರಿಸಿದ. "ಕೋರ್ಟೇ ಬರ್ದಿದೆಯಲ್ಲ ಅತ್ತೆ, ನಾನೊಬ್ನೇ ಕಾರಣ ಅಂತ. ನೀವು ನನ್ನ ಸಮಾಧಾನಕ್ಕೆ ಹೇಳ್ತೀರ. ಅವರು ಕಾನೂನು ಓದಿದೋರು."

ಮಗಳನ್ನು ಕಳೆದುಕೊಂಡೆ. ಅವಳು ಪ್ರೀತಿಸಿದವನೂ ನನ್ನ ಕಣ್ಣೆದುರೇ ಹೋಗುತ್ತಿದ್ದಾನೆ, ಅಧ್ಯಕ್ಷರೇ. ನನಗೆ ಭಯವಾಗುತ್ತಿದೆ. ಕಂಪನಿಯ ಹಣ ನನಗೆ ಬೇಡ. ಆ ಕಾಗದದಲ್ಲಿರುವ "ಒಬ್ಬನೇ" ಎಂಬ ಮಾತು ಅಳಿಯಬೇಕು, ಅವನು ಬದುಕಿರುವಾಗಲೇ.

ಹಾಗಾಗಿ ಕೇಳುತ್ತಿದ್ದೇನೆ. ಆ ಮಸೂದೆಯನ್ನು ವಿಚಾರಣೆಗೆ ತೆಗೆದುಕೊಳ್ಳಿ, ದಿನಾಂಕ ಹೇಳಿ. ಕಂಪನಿಯವರನ್ನು ಕರೆಸಿ, ನನ್ನ ಪ್ರಶ್ನೆಯನ್ನು ನೀವಾದರೂ ಕೇಳಿ. ನನ್ನನ್ನೂ ಸಾಕ್ಷಿಯಾಗಿ ಕರೆಸಿ, ಬಸ್ಸಿನ ಖರ್ಚು ನಾನೇ ನೋಡಿಕೊಳ್ಳುತ್ತೇನೆ. ಈ ಸಲವೂ ಲಾಟರಿಗೆ ನೀವೇ ಅತಿಥಿ ಎಂದು ಠಾಣೆಯ ಮುಖ್ಯಸ್ಥ ಹಾರ್ಲನ್ ಹೇಳಿದ. ಪೈ ಬೇಯಿಸುತ್ತೇನೆ, ಚೀಟಿ ಮಾರುವುದಿಲ್ಲ ಎಂದೆ. "ಯಾಕೆ ವಿಲ್ಮಾ, ನಿನ್ನಷ್ಟು ಮಾರೋರು ಯಾರಿದಾರೆ?" ಎಂದ. ಅವನಿಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ.

ಅವತ್ತು ಟ್ರೆಂಟ್ ಚೀಟಿ ಬೇಡವೆಂದಿದ್ದ. "ನಂಗ್ಯಾಕತ್ತೆ ಪಿಸ್ತೂಲು? ಬೇಟೆಗೆ ಅಜ್ಜನ ರೈಫಲ್ ಇದೆಯಲ್ಲ," ಎಂದಿದ್ದ. "ಠಾಣೆಗೆ ಸಹಾಯ ಆಗ್ಲಿ ತಗೋಳೋ ಜಿಪುಣ, ನಿನಗೆಲ್ಲಿ ಲಾಟರಿ ಹೊಡೆಯುತ್ತೆ!" ಎಂದು ನಗುತ್ತಾ ಅವನ ಅಂಗಿಯ ಜೇಬಿಗೆ ತುರುಕಿದವಳು ನಾನು. ಅದನ್ನು ಇವತ್ತಿನವರೆಗೆ ಯಾವ ಕೋರ್ಟೂ ನನ್ನನ್ನು ಕೇಳಿಲ್ಲ. ನಿಮ್ಮ ಸಮಿತಿಯ ಮುಂದೆ ಪ್ರಮಾಣ ಮಾಡಿ ನಾನೇ ಹೇಳುತ್ತೇನೆ. ನಾನು ಮಾರಿದೆ, ನೀವು ಎತ್ತಿದಿರಿ, ಅವರು ತಯಾರಿಸಿದರು, ಅವನು ಒತ್ತಿದ. ನಾಲ್ವರಲ್ಲಿ ಇಬ್ಬರು ಒಪ್ಪಿಕೊಂಡಾಯಿತು.

ಇಂತಿ,
ಆ ಚೀಟಿ ಮಾರಿದವಳು, ಕೊರಿನ್‌ಳ ತಾಯಿ,
ವಿಲ್ಮಾ ಜರ್ಬಿ
ಟ್ಯಾನರ್ಸ್ ರನ್